ಒರತೆಯನ್ನೇ ನಂಬಿದ ಮುಳ್ಳುಗಿಡ

ಕೇಳುಗರಿಗೆ ನಮಸ್ಕಾರ. ವಿಜಯಪುರ, ಕಲಬುರಗಿ ಕಡೆಯ ಕುಸುಬೆ ಹೊಲ ನೋಡಿದವರಿಗೆ ಮುಳ್ಳೆಲೆ, ಗುಂಡನೆಯ ಹೂತಲೆ ಹೊಸದಲ್ಲ. ಅದೇ ಬಳಗಕ್ಕೆ ಸೇರಿದ ಥಿಸಲ್ ಗಿಡಗಳೆಂದರೆ ಒಣನೆಲದ ಕಳೆ ಎಂಬ ಮಾತಿದೆ. ಅಮೆರಿಕದ ನ್ಯೂ ಮೆಕ್ಸಿಕೊದ ಸ್ಯಾಕ್ರಮೆಂಟೊ ಬೆಟ್ಟಸಾಲಿನಲ್ಲಿ ಮಾತ್ರ ಬೆಳೆಯುವ ಸಿರ್ಸಿಯಂ ವಿನೇಶಿಯಂ ಹಾಗಲ್ಲ. ಬೇರಿನಡಿ ವರ್ಷವಿಡೀ ನೀರು ಜಿನುಗುತ್ತಿರಬೇಕು.

ಅಲ್ಲಿನ ಬೆಟ್ಟ ಸುಣ್ಣಕಲ್ಲಿನದು. ಕರಗಿದ ಸುಣ್ಣ ಹೊತ್ತ ಒರತೆಯ ನೀರು ಹೊರಬಿದ್ದು ಗಾಳಿಗೆ ಒಡ್ಡಿಕೊಂಡಾಗ ಸುಣ್ಣ ಪದರಪದರವಾಗಿ ಕೂರುತ್ತದೆ. ಅದೇ ಟ್ರಾವರ್ಟೈನ್. ಈ ಗಿಡ ಹೆಚ್ಚಾಗಿ ಅದರ ಮೇಲೇ ಬೇರೂರುತ್ತದೆ. ಕೆಲವು ವರ್ಷ ನೆಲಕ್ಕಂಟಿದ ಎಲೆಸುತ್ತಾಗಿಯೇ ಇದ್ದು, ಆಮೇಲೆ ಆಳೆತ್ತರದ ನೇರಳೆ ಕಾಂಡ ಎತ್ತಿ, ಒಮ್ಮೆ ಹೂಬಿಟ್ಟು ಸಾಯುತ್ತದೆ. ಪಕ್ಕದಲ್ಲಿ ಮರಿಗಿಡ ಒಡೆಯುವುದೂ ಉಂಟು. ಹೊಸ ಒರತೆ ಸೇರಲು ಮಾತ್ರ ಬೀಜವೇ ಬೇಕು.

1987ರಲ್ಲಿ ಅಮೆರಿಕ ಸರ್ಕಾರ ಇದನ್ನು ಅಪಾಯಕ್ಕೊಳಗಾದ ಸಸ್ಯಗಳ ಪಟ್ಟಿಗೆ ಸೇರಿಸಿತು. ಒರತೆಯ ಬಾಯಿಗೇ ತೊಟ್ಟಿ ಕಟ್ಟಿ ಪೈಪ್ ಎಳೆದರೆ ಕೆಳಗಿನ ಗಿಡಗಳು ಒಣಗುತ್ತವೆ. ದನ ತುಳಿದರೆ ಸುಣ್ಣದ ಪದರ ಒಡೆದು ನೀರಿನ ಹರಿವು ದಿಕ್ಕು ತಪ್ಪುತ್ತದೆ. ಬೇಲಿ ದನವನ್ನು ತಡೆದೀತು. ಮೇಲೆ ಪೈಪಿಗೆ ಹೋದ ನೀರನ್ನು ತಂದುಕೊಡಲಾರದು.

ಇನ್ನೊಂದು ಪೆಟ್ಟು ಮದ್ದಿನ ರೂಪದಲ್ಲೇ ಬಂತು. ಹೊರಗಿನಿಂದ ಬಂದ ಮಸ್ಕ್ ಥಿಸಲ್ ಕಳೆಯನ್ನು ಅಡಗಿಸಲು 1960ರ ದಶಕದ ಕೊನೆಗೆ ಯುರೋಪಿನ ಮೂತಿಹುಳು ರೈನೋಸಿಲಸ್ ಕೋನಿಕಸ್ ಅನ್ನು ಅಮೆರಿಕದಲ್ಲಿ ಬಿಟ್ಟರು. ಅದು ಮೊಗ್ಗಿನ ಹೊರಪದರದ ಮೇಲೆ ಮೊಟ್ಟೆಯಿಡುತ್ತದೆ; ಮರಿ ಒಳಹೊಕ್ಕು ಬೀಜ ತಿನ್ನುತ್ತದೆ. ಅದಕ್ಕೆ ಕಳೆ ಯಾವುದು, ದೇಸಿ ಗಿಡ ಯಾವುದು ಎಂಬ ಭೇದವಿಲ್ಲ. ಬಾಳಿನಲ್ಲಿ ಒಮ್ಮೆಯೇ ಹೂಬಿಡುವ ಗಿಡಕ್ಕೆ ಆ ವರ್ಷದ ಬೀಜ ಹೋದರೆ ಎಲ್ಲವೂ ಹೋದಂತೆ.

ಕಳೆ ಕೀಳುವವರು ಮೊದಲು ಕಾಂಡ ನೋಡಬೇಕು, ಏಕೆಂದರೆ ಎರಡರ ಹೂವೂ ತಲೆಬಾಗಿಯೇ ಇರುತ್ತದೆ. ಮಸ್ಕ್ ಥಿಸಲ್‌ನ ಕಾಂಡದುದ್ದಕ್ಕೂ ಮುಳ್ಳಿನ ರೆಕ್ಕೆಗಳಿರುತ್ತವೆ. ಬೀಜದ ಕುಚ್ಚನ್ನೂ ಬಿಡಿಸಿ ನೋಡಬಹುದು: ಸಿರ್ಸಿಯಂ ಆದರೆ ಎಳೆಗಳು ಗರಿಯಂತೆ ಕವಲೊಡೆದಿರುತ್ತವೆ, ಮಸ್ಕ್‌ನಲ್ಲಿ ಬರಿಯ ಕೂದಲು. ಗುರುತು ಖಚಿತವಾದ ಮೇಲೆ, ಹೂವರಳುವ ಮುನ್ನ, ನೆಲದೊಳಗೆ ಎರಡು ಮೂರು ಅಂಗುಲ ಕೆಳಗೆ ತಾಯಿಬೇರು ಕತ್ತರಿಸಬೇಕು. ಅರಳಿದ್ದರೆ ಹೂತಲೆಗಳನ್ನು ಚೀಲಕ್ಕೆ ತುಂಬಿ ಹೊರಗೊಯ್ಯಬೇಕು. ಕೊಯ್ದು ಬಿಸಾಡಿದ ತಲೆಯಲ್ಲೂ ಬೀಜ ಬಲಿಯುತ್ತದೆ.