ಎರಡೂ ಕಡೆ ಕೇಳಿ

ಕೇಳುಗರಿಗೆಲ್ಲ ನಮಸ್ಕಾರ.

ಸಾಗರದ ಪೇಟೆಯಲ್ಲಿ ನನ್ನದೊಂದು ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ ಇದೆ. 1986ರಲ್ಲಿ ಶುರು ಮಾಡಿದ್ದು, ಈಗಲೂ ಬಾಗಿಲು ತೆಗೆಯುತ್ತೇನೆ. ಹಳೇ ಕ್ಯಾಸೆಟ್‌ಗಳನ್ನು ಕಾಪಾಡಿಕೊಳ್ಳುವುದು ಹೇಗೆ ಅಂತ ಸ್ವಲ್ಪ ಹೇಳಿ ಅಂತ ಆಕಾಶವಾಣಿಯವರು ಕರೆದಿದ್ದಾರೆ. ಹೇಳುತ್ತೇನೆ. ಆದರೆ ಉಳಿದದ್ದೆಲ್ಲ ಮರೆತರೂ ಪರವಾಗಿಲ್ಲ, ಇದೊಂದು ನೆನಪಿಟ್ಟುಕೊಳ್ಳಿ. ಕ್ಯಾಸೆಟ್ ಉಳಿಯಬೇಕಾದರೆ ಅದನ್ನು ಹಾಕಿ ಕೇಳಬೇಕು. ಮನೆಯವರ ಜೊತೆ ಕೂತು ಕೇಳಬೇಕು. ಎರಡೂ ಕಡೆ ಕೇಳಬೇಕು.

ವಾರಕ್ಕೆ ಒಬ್ಬರಾದರೂ ನನ್ನ ಅಂಗಡಿಗೆ ಚಪ್ಪಲಿ ಡಬ್ಬ ಹಿಡಿದುಕೊಂಡು ಬರುತ್ತಾರೆ. ಒಳಗೆ ಮೂವತ್ತು ನಲವತ್ತು ಕ್ಯಾಸೆಟ್. ಮದುವೆದು, ನಾಮಕರಣದ್ದು, ತಾಳಮದ್ದಳೆ, ರಾಜ್‌ಕುಮಾರ್ ಹಾಡು, ಕಾಲೇಜಿನಲ್ಲಿದ್ದಾಗ ಬೆಂಗಳೂರಿಂದ ತಂದ ಇಂಗ್ಲಿಷ್ ಹಾಡು. ಮುಚ್ಚಳ ತೆಗೆದರೆ ರಿಬ್ಬನ್ನಿನ ಅಂಚಿಗೆಲ್ಲ ಬಿಳಿ ಬೂಷ್ಟು. "ಇಪ್ಪತ್ತು ವರ್ಷದಿಂದ ಮುಟ್ಟೇ ಇಲ್ಲ, ಅಷ್ಟು ಜೋಪಾನವಾಗಿ ಇಟ್ಟಿದ್ದೆ" ಅಂತಾರೆ. ನನಗೆ ಬೇಜಾರಾಗುತ್ತದೆ. ಮುಟ್ಟದೆ ಇಟ್ಟಿದ್ದಕ್ಕೇ ಹೀಗಾಗಿದೆ ಸ್ವಾಮಿ! ನಮ್ಮ ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಗೇ ಬೂಷ್ಟು ಬರುತ್ತದೆ, ಅಟ್ಟದ ಮೇಲಿನ ಕ್ಯಾಸೆಟ್ ಬಿಡುತ್ತದಾ? ತಿರುಗುತ್ತಾ ಇದ್ದರೆ ಗಾಳಿ ಆಡುತ್ತದೆ, ಪದರ ಪದರಕ್ಕೆ ಅಂಟುವುದಿಲ್ಲ.

ಇನ್ನೊಂದು ವಿಷಯ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕ್ಯಾಸೆಟ್ಟನ್ನು ವರ್ಷಗಟ್ಟಲೆ ಸುತ್ತಿದ ಹಾಗೇ ಇಟ್ಟರೆ ಒಂದು ಸುತ್ತಿನ ಧ್ವನಿ ಪಕ್ಕದ ಸುತ್ತಿಗೆ ಸ್ವಲ್ಪ ಅಂಟಿಕೊಳ್ಳುತ್ತದೆ, ಅಯಸ್ಕಾಂತದ ಗುಣ ಅದು. ಹಾಡು ಶುರುವಾಗುವ ಒಂದೆರಡು ಸೆಕೆಂಡ್ ಮೊದಲೇ ಅದೇ ಸಾಲು ಎಲ್ಲೋ ದೂರದ ಮನೆಯಿಂದ ಕೇಳಿದ ಹಾಗೆ ಸಣ್ಣಗೆ ಕೇಳುತ್ತದಲ್ಲ, ಅದಕ್ಕೆ ಕಾರಣ ಇದೇ. ಸೆಟ್ ಕೆಟ್ಟಿದೆ ಅಂತ ನನ್ನ ಹತ್ತಿರ ತರುತ್ತಾರೆ. ಸೆಟ್ ಸರಿಯಾಗೇ ಇರುತ್ತದೆ, ಹಾಕಿ ಕೇಳಿರುವುದಿಲ್ಲ ಅಷ್ಟೇ.

ಕ್ಯಾಸೆಟ್ಟನ್ನು ಫಿಲಿಪ್ಸ್‌ನವರು ತಂದದ್ದು 1963ರಲ್ಲಿ. ಅರವತ್ತು ನಿಮಿಷದ ಕ್ಯಾಸೆಟ್‌ನೊಳಗೆ ಸುಮಾರು 90 ಮೀಟರ್ ರಿಬ್ಬನ್ ಇರುತ್ತದೆ. ಅಗಲ ನಾಲ್ಕು ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ. ಅಷ್ಟರಲ್ಲೇ ಎರಡು ದಾರಿ. ಕೆಳಗಿನ ಅರ್ಧದಲ್ಲಿ ಎ ಸೈಡ್, ಮೇಲಿನ ಅರ್ಧದಲ್ಲಿ ಬಿ ಸೈಡ್. ಒಂದು ಈ ಕಡೆಯಿಂದ ಹೋಗುತ್ತದೆ, ಇನ್ನೊಂದು ಆ ಕಡೆಯಿಂದ ಬರುತ್ತದೆ. ಬಿ ಸೈಡನ್ನು ಮೊದಲಿಂದ ಕೇಳಬೇಕಾದರೆ ಎ ಸೈಡ್ ಕೊನೆ ತನಕ ಓಡಿರಬೇಕು. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ನಮ್ಮ ಮನೆಯ ಸಂಸಾರ ನಡೆದದ್ದೇ ಈ ಲೆಕ್ಕದ ಮೇಲೆ.

ನಾನು ಐಟಿಐ ಓದಿದ್ದು ಬೆಂಗಳೂರಿನಲ್ಲಿ. ಆಗ ರೆಕಾರ್ಡಿಂಗ್ ಸೆಂಟರ್ ಅಂತ ಇರುತ್ತಿದ್ದವು. ಖಾಲಿ ಕ್ಯಾಸೆಟ್ಟು, ಹಾಡಿನ ಪಟ್ಟಿ ಎರಡೂ ಕೊಟ್ಟು ಬಂದರೆ ನಾಲ್ಕು ದಿನ ಬಿಟ್ಟು ತುಂಬಿಸಿ ಕೊಡುತ್ತಿದ್ದರು. ರೂಮಿನಲ್ಲಿದ್ದ ಹುಡುಗ ಒಬ್ಬ ಲೆಡ್ ಜೆಪ್ಲಿನ್, ಪಿಂಕ್ ಫ್ಲಾಯ್ಡ್, ಡೀಪ್ ಪರ್ಪಲ್ ಅಂತ ಇಂಗ್ಲಿಷ್ ರಾಕ್ ಬ್ಯಾಂಡ್‌ಗಳನ್ನೆಲ್ಲ ಕೇಳಿಸಿದ. ಅರ್ಥ ಆಗುತ್ತಿರಲಿಲ್ಲ, ಆದರೆ ಎದೆಗೆ ಹೊಡೆಯುತ್ತಿತ್ತು. ಊರಿಗೆ ಬಂದು ಅಂಗಡಿ ಹಾಕಿದ ಮೇಲೆ ನನ್ನ ಮೊದಲ ಲಾಭದಲ್ಲಿ ತಂದ ಕ್ಯಾಸೆಟ್ ಡೈರ್ ಸ್ಟ್ರೇಟ್ಸ್‌ನವರ ಬ್ರದರ್ಸ್ ಇನ್ ಆರ್ಮ್ಸ್. 1985ರ ಆಲ್ಬಂ ಅದು. ಹತ್ತು ಲಕ್ಷ ಸಿಡಿ ಮಾರಾಟವಾದ ಮೊದಲ ಆಲ್ಬಂ ಅಂತ ಅದಕ್ಕೆ ಹೆಸರು. ನಮಗೆ ಸಿಡಿ ಎಲ್ಲಿತ್ತು, ಕ್ಯಾಸೆಟ್ಟೇ ಗತಿ. ಆದರೆ ಕೇಳಿ, ಎಲ್‌ಪಿ ತಟ್ಟೆಯಲ್ಲಿ ಜಾಗ ಸಾಲದೆ ಕೆಲವು ಹಾಡು ಕತ್ತರಿಸಿದ್ದರು, ಕ್ಯಾಸೆಟ್ಟಿನಲ್ಲಿ ಪೂರ್ತಿ ಇದ್ದವು. ಕೊನೆಯ ಹಾಡು ಏಳು ನಿಮಿಷದ್ದು. ಆ ಬ್ಯಾಂಡಿನ ಮಾರ್ಕ್ ನಾಪ್‌ಫ್ಲರ್ ಗಿಟಾರನ್ನು ಪ್ಲಾಸ್ಟಿಕ್ ಚೂರಲ್ಲಿ ಮೀಟುವವರಲ್ಲ, ಬೆರಳಲ್ಲೇ ನುಡಿಸುವವರು. ಹಾಗಾಗಿ ತಂತಿ ಮಾತಾಡಿದ ಹಾಗೆ ಇರುತ್ತದೆ. ಆ ಕೊನೆಯ ಹಾಡಿಗೋಸ್ಕರ ನಾನು ಜೀವ ಬಿಡುತ್ತಿದ್ದೆ.

1988ರಲ್ಲಿ ಮದುವೆಯಾಯಿತು. ಹೆಂಡತಿಯ ತವರು ಸಿದ್ದಾಪುರದ ಕಡೆ ಹಳ್ಳಿ, ಅಡಿಕೆ ತೋಟದ ಮನೆ. ಅವಳಿಗೆ ನನ್ನ ಹಾಡು ಬರೀ ಗಲಾಟೆ. "ಇದೇನ್ರೀ, ಯಾರೋ ಜಗಳ ಆಡಿದ ಹಾಗಿದೆ" ಅನ್ನುತ್ತಿದ್ದಳು. ನಾನು ಹಾಕುವುದು, ಅವಳು ಎದ್ದು ಒಳಗೆ ಹೋಗುವುದು. ಆ ವರ್ಷ ಅಡಿಕೆ ಕೊಯ್ಲಿಗೆ ತವರಿಗೆ ಹೋದಳು. ಬೇಜಾರು ಕಳೆಯಲಿ ಅಂತ ಮನೆಯ ಟೂ ಇನ್ ಒನ್, ಅಂದರೆ ರೇಡಿಯೋ, ಟೇಪ್ ಎರಡೂ ಇರುವ ಸೆಟ್, ಕೊಟ್ಟು ಕಳಿಸಿದೆ. ಅದರೊಳಗೆ ನನ್ನ ಬ್ರದರ್ಸ್ ಇನ್ ಆರ್ಮ್ಸ್ ಕ್ಯಾಸೆಟ್ ಇತ್ತು.

ಅಡಿಕೆ ಕೊಯ್ಲಿನ ರಾತ್ರಿ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಊಟ ಆದ ಮೇಲೆ ಅಂಗಳದಲ್ಲಿ ದೀಪ ಹಾಕಿಕೊಂಡು ಹತ್ತು ಹನ್ನೆರಡು ಜನ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂರುತ್ತಾರೆ. ಅತ್ತೆಗೆ ಹಾಡು ಬರುತ್ತಿತ್ತು. ಹಸೆಗೆ ಕರೆಯುವ ಹಾಡು, ಬೀಗರ ಹಾಡು, ಆರತಿ ಹಾಡು. ಸುಲಿಯುತ್ತಾ ಸುಲಿಯುತ್ತಾ ಹಾಡುತ್ತಿದ್ದರು. ಅದನ್ನು ಹಿಡಿದಿಡಬೇಕು ಅಂತ ನನ್ನವಳಿಗೆ ಅನ್ನಿಸಿದೆ. ಖಾಲಿ ಕ್ಯಾಸೆಟ್ ಇಲ್ಲ. ಅಂಗಡಿಯಿಂದ ತಂದ ಹಾಡಿನ ಕ್ಯಾಸೆಟ್‌ಗೆ ಬೆನ್ನಿನ ಮೇಲೆ ಎರಡು ಸಣ್ಣ ತೂತು ಇರುತ್ತವೆ, ಅವು ಇದ್ದರೆ ರೆಕಾರ್ಡ್ ಬಟನ್ ಒತ್ತಲು ಬರುವುದಿಲ್ಲ. ಕಾಗದದ ಉಂಡೆ ತುರುಕಿದರೆ ಬರುತ್ತದೆ. ಇದನ್ನು ಅವಳಿಗೆ ಹೇಳಿಕೊಟ್ಟವನು ನಾನೇ. ಅವಳು ಬಿ ಸೈಡಿಗೆ ಕಾಗದ ತುರುಕಿ ರೆಕಾರ್ಡ್ ಒತ್ತಿದ್ದಾಳೆ.

ವಾಪಸ್ ಬಂದ ದಿನ ಸಂಜೆ ನಾನು ಕ್ಯಾಸೆಟ್ ಹಾಕಿದೆ. ಎ ಸೈಡ್ ಸರಿಯಾಗಿ ಬಂತು. ತಿರುಗಿಸಿ ಹಾಕಿದರೆ ಅತ್ತೆ! ಜೊತೆಗೆ ಕಟ್, ಕಟ್ ಅಂತ ಅಡಿಕೆ ಸುಲಿಯುವ ಸದ್ದು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೂರು ದಿನ ಮಾತು ಬಿಟ್ಟೆ. ಮೂರನೇ ದಿನ ಅವಳೇ ಹೇಳಿದಳು, "ನಿಮ್ಮ ಹಾಡು ಅಂಗಡೀಲಿ ಇನ್ನೊಂದು ಸಿಗ್ತದೆ. ನಮ್ಮಮ್ಮನ ಹಾಡು ಯಾವ ಅಂಗಡೀಲಿ ಸಿಗ್ತದೆ ಹೇಳಿ?"

ಉತ್ತರ ಎಲ್ಲಿಂದ ತರಲಿ? ಆಮೇಲೆ ಒಂದು ದಿನ ಒಬ್ಬನೇ ಕೂತು ಆ ಬಿ ಸೈಡ್ ಪೂರ್ತಿ ಓಡಿಸಿದೆ. ಸುಮಾರು ಇಪ್ಪತ್ತು ನಿಮಿಷ ಅತ್ತೆ ಹಾಡುತ್ತಾರೆ. ಮಧ್ಯೆ ಯಾರೋ ಕೆಮ್ಮುತ್ತಾರೆ, ನಾಯಿ ಬೊಗಳುತ್ತದೆ, "ಚಾ ಬೇಕಾ" ಅಂತ ಯಾರೋ ಕೇಳುತ್ತಾರೆ. ಆರತಿ ಹಾಡು ಮುಗಿಯುತ್ತದೆ. ಟಕ್ ಅಂತ ಬಟನ್ ಸದ್ದು. ಒಂದು ಚಿಟಿಕೆಯಷ್ಟು ಮೌನ. ಆಮೇಲೆ ಗಿಟಾರ್! ಆ ಏಳು ನಿಮಿಷದ ಹಾಡಿನ ಕೊನೆಯ ಭಾಗ ಹಾಗೇ ಉಳಿದುಕೊಂಡಿತ್ತು.

ಆ ಚಿಟಿಕೆ ಮೌನ ಯಾಕೆ ಬರುತ್ತದೆ ಗೊತ್ತಾ? ರೆಕಾರ್ಡರಿನಲ್ಲಿ ರಿಬ್ಬನ್ ತಾಗಿಕೊಂಡು ಹೋಗುವ ಸಣ್ಣ ಭಾಗಕ್ಕೆ ಹೆಡ್ ಅಂತಾರೆ. ರಿಬ್ಬನ್ ಮೊದಲು ಅಳಿಸುವ ಹೆಡ್ ದಾಟುತ್ತದೆ, ಆಮೇಲೆ ಬರೆಯುವ ಹೆಡ್ಡಿಗೆ ಬರುತ್ತದೆ. ನಿಲ್ಲಿಸಿದಾಗ ಇವೆರಡರ ನಡುವೆ ಸಿಕ್ಕಿಕೊಂಡ ತುಂಡು ಇದೆಯಲ್ಲ, ಹಳೆಯದು ಅಳಿಸಿಹೋಗಿರುತ್ತದೆ, ಹೊಸದು ಬರೆದಿರುವುದಿಲ್ಲ. ಅಷ್ಟು ಉದ್ದ ಖಾಲಿ. ಒಂದು ಸೆಕೆಂಡಿಗೂ ಕಡಿಮೆ. ಇಷ್ಟು ವರ್ಷ ರಿಪೇರಿ ಮಾಡಿದವನು ನಾನು, ಅದಕ್ಕಿಂತ ಚೆಂದದ ಖಾಲಿ ಜಾಗ ನಾನು ಕೇಳಿಲ್ಲ.

ಈಗ ಲೆಕ್ಕ ನೋಡಿ. ನಮ್ಮ ಸೆಟ್ಟಿನಲ್ಲಿ ಫಾರ್ವರ್ಡ್, ರಿವೈಂಡ್ ಎರಡೂ ಬಟನ್ ಕೆಟ್ಟಿದ್ದವು, ಅವುಗಳ ಚಕ್ರ ಆಗ ಊರಲ್ಲಿ ಸಿಗುತ್ತಿರಲಿಲ್ಲ. ಹಾಗಾಗಿ ಅವಳಿಗೆ ಅಮ್ಮನ ಹಾಡು ಬೇಕಾದರೆ ನನ್ನ ಎ ಸೈಡ್ ಪೂರ್ತಿ ಕೇಳಬೇಕು. ನನಗೆ ಆ ಗಿಟಾರ್ ಬೇಕಾದರೆ ಅವಳ ಅಮ್ಮನ ಹಾಡು ಪೂರ್ತಿ ಕೇಳಬೇಕು. ಬೇರೆ ದಾರಿಯೇ ಇಲ್ಲ. ರಾತ್ರಿ ಅಂಗಡಿ ಮುಚ್ಚಿ ಬಂದು, ಊಟ ಮಾಡಿ, ಜಗುಲಿಯಲ್ಲಿ ಕೂತು ಕೇಳುವುದು ಅಭ್ಯಾಸವೇ ಆಯಿತು. ಮೊದಮೊದಲು ಅವಳು ಬತ್ತಿ ಹೊಸೆಯುತ್ತಾ ಕೂರುತ್ತಿದ್ದಳು. ಎರಡು ತಿಂಗಳು ಕಳೆಯುವಷ್ಟರಲ್ಲಿ ನೋಡುತ್ತೇನೆ, ಮೂರನೇ ಹಾಡಿಗೆ ಕಾಲು ತಾಳ ಹಾಕುತ್ತಿದೆ. ನಾನೂ ಅಷ್ಟೇ, ಬೀಗರ ಹಾಡಿನ ಸಾಲು ಬೆಸುಗೆ ಹಾಕುವಾಗ ಬಾಯಿಗೆ ಬರುತ್ತಿತ್ತು. ಇನ್ನೊಂದು ಹೊಸ ಕ್ಯಾಸೆಟ್ ಕೂಡ ತಂದೆ. ಎಲ್ಲ ಹಾಡು ಪೂರ್ತಿ ಇರುವುದು. ನಾಲ್ಕು ಸಲ ಹಾಕಿರಬಹುದು. ಅದರಲ್ಲಿ ಟಕ್ ಬರುವುದಿಲ್ಲವಲ್ಲ, ಇಬ್ಬರಿಗೂ ಸರಿಹೋಗಲಿಲ್ಲ.

2005ರ ಮಾರ್ಚ್‌ನಲ್ಲಿ ಮಾರ್ಕ್ ನಾಪ್‌ಫ್ಲರ್ ಬೆಂಗಳೂರಿಗೆ ಬಂದರು. ಪೇಪರಿನಲ್ಲಿ ಓದಿ ಹೇಳಿದೆ. ಅವಳೇ, ಹೋಗೋಣ ಅಂದಳು. ರಾತ್ರಿ ಬಸ್ ಹತ್ತಿದೆವು. ಸುತ್ತ ಎಲ್ಲ ಟೀ ಶರ್ಟ್ ಹಾಕಿದ ಹುಡುಗರು, ನಡುವೆ ಇವಳು ಸೀರೆ ಉಟ್ಟು, ಮಲ್ಲಿಗೆ ಮುಡಿದು, ಮುಗಿಯುವ ತನಕ ನಿಂತೇ ಕೇಳಿದಳು. ವಾಪಸ್ ಬರುವಾಗ ತುಮಕೂರು ದಾಟಿದ ಮೇಲೆ ಹೇಳಿದಳು, "ಎಲ್ಲ ಚೆನ್ನಾಗಿತ್ತು ಕಣ್ರೀ. ಆದ್ರೆ ಅಮ್ಮನ ಹಾಡು ಆಗದೇ ಗಿಟಾರ್ ಶುರುವಾಗಿಬಿಡ್ತಲ್ಲ, ನಂಗೆ ಒಂಥರಾ ಆಯ್ತು." ಅತ್ತೆ ತೀರಿಕೊಂಡು ಆಗ ಎರಡು ವರ್ಷ ಆಗಿತ್ತು.

ಈಗ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಹೋದ ದೀಪಾವಳಿಗೆ ಬಂದಾಗ, "ಅಪ್ಪಯ್ಯ, ಇದನ್ನು ಮೊಬೈಲಿಗೆ ಹಾಕಿಕೊಡ್ತೇನೆ, ಅಜ್ಜಿ ಹಾಡು ಬೇರೆ ಬೇರೆ ಮಾಡಿ, ಕತ್ತಿ ಸದ್ದು, ಕೆಮ್ಮು ಎಲ್ಲ ತೆಗೆದು ಕ್ಲೀನ್ ಮಾಡ್ತೇನೆ" ಅಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಒಳಗಿಂದ ಅವನ ಅಮ್ಮ, "ಮೊಬೈಲಿಗೆ ಹಾಕು. ಒಂದು ಚೂರೂ ಕತ್ತರಿಸಬೇಡ. ಆ ಟಕ್ ಅಂತೂ ಮುಟ್ಟಲೇ ಬೇಡ" ಅಂದಳು. ಹಾಗೇ ಹಾಕಿಕೊಟ್ಟ, ಎರಡೂ ಕಡೆ, ಮೊದಲಿಂದ ಕೊನೆ ತನಕ ಒಂದೇ ಉದ್ದಕ್ಕೆ.

ಮೊಬೈಲಿನಲ್ಲಿ ಎಲ್ಲ ಇದೆಯಲ್ಲ, ಕ್ಯಾಸೆಟ್ ಯಾಕೆ ಅಂತ ಕೇಳುವವರು ಇದ್ದಾರೆ. ಇದೆ, ಇಲ್ಲ ಅಂದವರು ಯಾರು? ಆದರೆ ಮೊಬೈಲಿನಲ್ಲಿ ನೀವು ಅರ್ಧ ನಿಮಿಷ ಕೇಳಿ ಮುಂದಕ್ಕೆ ತಳ್ಳುತ್ತೀರಿ. ಗಂಡ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಆ ಮೂಲೆಯಲ್ಲಿ, ಹೆಂಡತಿ ಈ ಮೂಲೆಯಲ್ಲಿ. ಊರು ಸಣ್ಣದು, ಒಂಬತ್ತು ಗಂಟೆಗೆ ಪೇಟೆ ಮುಚ್ಚುತ್ತದೆ, ಇನ್ನೂ ಒಂದು ಗಂಟೆ ಹೊತ್ತು ಇರುತ್ತದೆ ನಿಮಗೆ. ಕೂರಿ. ಇಬ್ಬರೂ ಕೂರಿ. ನಿಮಗೆ ಹಿಡಿಸದ ಸೈಡನ್ನೂ ಓಡಲು ಬಿಡಿ.

ಸ್ಟುಡಿಯೋದವರು ಗಡಿಯಾರ ತೋರಿಸುತ್ತಿದ್ದಾರೆ. ಕಾಪಾಡುವ ಬಗ್ಗೆ ಬೇಗ ಬೇಗ ಹೇಳಿಬಿಡುತ್ತೇನೆ. ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲಿ ಪ್ರತಿಯೊಂದನ್ನೂ ಒಂದು ಸಲ ಎರಡೂ ಕಡೆ ಓಡಿಸಿ. ಸ್ಪೀಕರ್ ಪಕ್ಕ ಇಡಬೇಡಿ, ಅದರಲ್ಲಿ ಅಯಸ್ಕಾಂತ ಇದೆ. ಹೆಡ್ಡನ್ನು ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿ, ಸೀರೆ ಸೆರಗಲ್ಲಿ ಒರೆಸಬೇಡಿ. ರಿಬ್ಬನ್ ಸಡಿಲ ಆಗಿದ್ದರೆ ಆರು ಮೂಲೆಯ ಪೆನ್ಸಿಲ್ ಹಾಕಿ ಮೆಲ್ಲಗೆ ಬಿಗಿ ಮಾಡಿ, ಆಮೇಲೆ ಸೆಟ್ಟಿಗೆ ಹಾಕಿ. ಬೂಷ್ಟು ಬಂದಿದ್ದನ್ನು ಹಾಗೇ ಹಾಕಿದರೆ ಅದು ಹೆಡ್ಡಿಗೆ ಹತ್ತಿ, ಅಲ್ಲಿಂದ ಬೇರೆ ಕ್ಯಾಸೆಟ್‌ಗೂ ಹತ್ತುತ್ತದೆ. ಮೊದಲು ಗೊತ್ತಿದ್ದವರಿಗೆ ತೋರಿಸಿ. ಇನ್ನು, ಕ್ಯಾಸೆಟ್ಟಿನ ಬಾಯಲ್ಲಿ ರಿಬ್ಬನ್ ಹಿಂದೆ ಒಂದು ಸಣ್ಣ ಬಟ್ಟೆ ಚೂರು ಇರುತ್ತದೆ, ಮಸೂರ ಬೇಳೆಯಷ್ಟು ದೊಡ್ಡದು. ಅದು ಬಿದ್ದುಹೋದರೆ ಧ್ವನಿ ನೀರಿನೊಳಗಿಂದ ಬಂದ ಹಾಗೆ ಬರುತ್ತದೆ. ಕ್ಯಾಸೆಟ್ ಹಾಳಾಯಿತು ಅಂತ ಎಸೆಯಬೇಡಿ. ಹಾಳಾದ ಇನ್ನೊಂದು ಕ್ಯಾಸೆಟ್‌ನಿಂದ ತೆಗೆದು ಅಂಟಿಸಿದರೆ ಐದು ನಿಮಿಷದ ಕೆಲಸ. ನಮಸ್ಕಾರ.