ಇಳಿಯುವ ಹೊತ್ತಿನಿಂದ ಲೆಕ್ಕ ಹಾಕಿ

ಕೇಳುಗರಿಗೆಲ್ಲ ನಮಸ್ಕಾರ.

ಮಳೆ ಹಿಂದೆ ಸರಿದು, ಪಶ್ಚಿಮ ಘಟ್ಟದ ಹುಲ್ಲುಗಾವಲು ಇನ್ನೂ ಹಸಿರಾಗಿರುವಾಗಲೇ ಬೆಟ್ಟ ಹತ್ತಬೇಕೆಂಬ ಆಸೆ ಬಹಳ ಜನರಲ್ಲಿ ಏಳುತ್ತದೆ. ಆಗ ಮೊದಲು ಬಾಯಿಗೆ ಬರುವ ಹೆಸರುಗಳಲ್ಲಿ ಕುಮಾರಪರ್ವತವೂ ಒಂದು. ಪುಷ್ಪಗಿರಿ ವನ್ಯಜೀವಿ ಧಾಮದೊಳಗೆ, ದಕ್ಷಿಣ ಕನ್ನಡ ಮತ್ತು ಕೊಡಗು ಸೇರುವಲ್ಲಿ ನಿಂತಿರುವ ಈ ಶಿಖರದ ಎತ್ತರ 1712 ಮೀಟರ್. ಹೋಗುವ ತಯಾರಿ ಹೇಗಿರಬೇಕು ಎಂಬುದನ್ನು ಈ ಒಂದು ಬೆಟ್ಟವನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಹೊರಡುವವರು ಸಾಮಾನ್ಯವಾಗಿ ಕೇಳುವುದು, ತುದಿ ಮುಟ್ಟಲು ಎಷ್ಟು ಹೊತ್ತು ಬೇಕು ಎಂದು. ದಯವಿಟ್ಟು ಲೆಕ್ಕವನ್ನು ಸಂಜೆಯಿಂದ ಶುರುಮಾಡಿ. ಡಿಸೆಂಬರ್‌ನಲ್ಲಿ ಆರು ಗಂಟೆ ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಕುಕ್ಕೆ ಸುಬ್ರಹ್ಮಣ್ಯದ ಕಡೆಗೆ ಇಳಿಯುವವರಿಗೆ ಕೊನೆಯಲ್ಲಿ ಸಿಗುವುದೇ ದಟ್ಟ ಕಾಡು. ಬಯಲಲ್ಲಿ ಇನ್ನೂ ಬೆಳಕಿರುವಾಗಲೇ ಆ ಮರಗಳಡಿ ಕತ್ತಲಾಗಿರುತ್ತದೆ. ಕಾಲಡಿಯ ಬೇರು ಯಾವುದು, ಕಲ್ಲು ಯಾವುದು ತಿಳಿಯುವುದಿಲ್ಲ. ಹಾಗಾಗಿ ಸಂಜೆ ಐದೂವರೆಗೆ ಕಾಡು ದಾಟಿರಬೇಕು ಎಂದಿಟ್ಟುಕೊಳ್ಳಿ.

ಈಗ ಹಿಂದಕ್ಕೆ ಎಣಿಸೋಣ. ನಡಿಗೆ ಶುರುವಾಗುವ ಕುಕ್ಕೆ ಇರುವುದು ಸಮುದ್ರಮಟ್ಟದಿಂದ ಸುಮಾರು 120 ಮೀಟರ್ ಎತ್ತರದಲ್ಲಿ. ಅಂದರೆ ಹತ್ತಬೇಕಾದದ್ದು ಹೆಚ್ಚುಕಡಿಮೆ 1600 ಮೀಟರ್, ನಡೆಯಬೇಕಾದದ್ದು ಒಂದು ಕಡೆಗೆ ಸುಮಾರು 13 ಕಿಲೋಮೀಟರ್. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಕೊಟ್ಟ ಸರಳ ಸೂತ್ರವೊಂದಿದೆ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಅದರಂತೆ ಕುಮಾರಪರ್ವತಕ್ಕೆ ಐದು ಗಂಟೆಯ ಮೇಲಾಯಿತು. ಆದರೆ ಆ ಸೂತ್ರ ತಂಪು ನಾಡಿನ ಗಟ್ಟಿ ನಡಿಗೆಯವರದು, ಅದರಲ್ಲಿ ವಿಶ್ರಾಂತಿಯ ಹೊತ್ತು ಸೇರಿಲ್ಲ. ನಮ್ಮ ಸೆಕೆಗೆ, ಬೆನ್ನ ಮೇಲಿನ ಚೀಲಕ್ಕೆ, ಊಟಕ್ಕೆ ಕೂರುವುದಕ್ಕೆ ಎಲ್ಲ ಸೇರಿಸಿದರೆ ಏಳು ಗಂಟೆ ಹಿಡಿಯುತ್ತದೆ. ಇಳಿಯಲು ಐದೂವರೆ ಗಂಟೆ ಇಟ್ಟುಕೊಂಡರೆ ಮಧ್ಯಾಹ್ನ 12ಕ್ಕೇ ತಿರುಗಬೇಕು. ಬೆಳಿಗ್ಗೆ ಆರಕ್ಕೆ ಹೊರಟ ಸಾಧಾರಣ ನಡಿಗೆಯವರು ಅಷ್ಟರಲ್ಲಿ ತುದಿ ಮುಟ್ಟುವುದು ಕಷ್ಟ. ಈ ಸತ್ಯ ಮನೆಯಲ್ಲಿ ಕಾಗದದ ಮೇಲೆ ತಿಳಿದರೆ ಒಳ್ಳೆಯದು. ಆಗ ಒಂದೇ ದಿನದಲ್ಲಿ ಹತ್ತಿಳಿಯಬೇಕೆ, ನಡುವಿನ ಗಿರಿಗದ್ದೆಯಲ್ಲಿ ತಂಗಲು ಅವಕಾಶವಿದೆಯೇ, ಅಥವಾ ಅದರಾಚೆ ದಾರಿಯಲ್ಲಿ ಸಿಗುವ ಕಲ್ಲುಮಂಟಪದ ತನಕ ಹೋಗಿ ಸಂತೋಷದಿಂದ ಮರಳಬಹುದೇ ಎಂದು ಸಮಾಧಾನವಾಗಿ ಯೋಚಿಸಬಹುದು.

ಏಕೆಂದರೆ ಮೇಲೆ ನಿಂತಾಗ ಬುದ್ಧಿ ಬೇರೆಯೇ ಹೇಳುತ್ತದೆ. ತುದಿಗೆ ಮೊದಲು ಸಿಗುವ ಶೇಷಪರ್ವತದ ನೆತ್ತಿಯಲ್ಲಿ ನಿಂತರೆ ಕುಮಾರಪರ್ವತ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತದೆ. ಆದರೆ ನಡುವೆ ತಗ್ಗಿಗೆ ಇಳಿದು, ಹುಲ್ಲುಗಾವಲ ನಡುವಿನ ತಗ್ಗಲ್ಲಿ ಒತ್ತಾಗಿ ಬೆಳೆಯುವ ಶೋಲಾ ಕಾಡು ಹಾದು, ನೀರು ಜಿನುಗುವ ಬಂಡೆಯನ್ನು ಕೈಕಾಲು ಊರಿ ಹತ್ತಬೇಕು. ಬರುವಾಗ ಅದೇ ಒದ್ದೆ ಬಂಡೆಯನ್ನು ದಣಿದ ಕಾಲಲ್ಲಿ ಇಳಿಯಬೇಕು. "ಇಲ್ಲಿಯ ತನಕ ಬಂದಿದ್ದೇವಲ್ಲ" ಎಂಬ ಮಾತು ಹುಟ್ಟುವುದು ಆ ಜಾಗದಲ್ಲಿಯೇ. ಹಾಗಾಗಿ ತಿರುಗುವ ಹೊತ್ತನ್ನು ಬೆಟ್ಟದ ಬುಡದಲ್ಲೇ ಎಲ್ಲರಿಗೂ ಕೇಳುವಂತೆ ಹೇಳಿ, ಎಲ್ಲರಿಂದಲೂ ಹೂಂ ಅನ್ನಿಸಿಕೊಳ್ಳಿ.

ಇನ್ನು ಮೈ ಹದಮಾಡಿಕೊಳ್ಳುವ ಮಾತು. ಹತ್ತುವಾಗ ಸೋಲುವುದು ಉಸಿರು, ಇಳಿಯುವಾಗ ಸೋಲುವುದು ತೊಡೆ ಮತ್ತು ಮಂಡಿ. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯುತ್ತದೆ. ಸ್ನಾಯುವಿಗೆ ಹೆಚ್ಚು ಪೆಟ್ಟು ಕೊಡುವ ಕೆಲಸ ಅದು. ಮರುದಿನ ಬಸ್ಸಿನ ಮೆಟ್ಟಿಲು ಇಳಿಯಲಾಗದೆ ಕಂಬಿ ಹಿಡಿದು ನಿಲ್ಲುವುದು ಇದಕ್ಕೇ. ಮೈದಾನದಲ್ಲಿ ದಿನಾ ನಡೆಯುವವರಿಗೂ ಇದರ ಅಭ್ಯಾಸ ಇರುವುದಿಲ್ಲ. ಆರು ವಾರ ಮೊದಲೇ ಮೆಟ್ಟಿಲು ಹಿಡಿಯಿರಿ. ಅಪಾರ್ಟ್‌ಮೆಂಟಿನಲ್ಲಿರುವವರು ಹತ್ತುವಾಗ ಬೇಕಾದರೆ ಲಿಫ್ಟ್ ಬಳಸಿ, ಇಳಿಯುವಾಗ ಮಾತ್ರ ನಡೆದೇ ಇಳಿಯಿರಿ, ನಿಧಾನವಾಗಿ, ಧಪಧಪ ಸದ್ದಾಗದಂತೆ. ಕೊನೆಯ ಎರಡು ವಾರ ನೀರು ತುಂಬಿದ ಚೀಲ ಬೆನ್ನಿಗಿರಲಿ. ಬೆಟ್ಟಕ್ಕೆ ಹಾಕುವ ಶೂ ಈ ಅಭ್ಯಾಸದಲ್ಲೇ ಹಳೆಯದಾಗಬೇಕು, ಹೊಸ ಶೂ ಹಾಕಿಕೊಂಡು ಯಾರೂ ಹೊರಡಬೇಡಿ. ಹೊರಡುವ ಹಿಂದಿನ ದಿನ ಕಾಲುಗುರು ಕತ್ತರಿಸಿಕೊಳ್ಳಿ. ಇಲ್ಲವಾದರೆ ಇಳಿಜಾರಿನುದ್ದಕ್ಕೂ ಹೆಬ್ಬೆರಳು ಶೂಗೆ ಒತ್ತಿ ಉಗುರು ಕಪ್ಪಾಗುತ್ತದೆ.

ನೀರಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ತಲೆಗೆ ಮೂರು ಲೀಟರ್ ಇರಲೇಬೇಕು. ಕೆಳಗಿನ ಕಾಡಿನ ನೆರಳು ಕಂಡು ಬೆಟ್ಟವೆಲ್ಲ ಹೀಗೇ ಇರುತ್ತದೆ ಎನ್ನಿಸುತ್ತದೆ. ಗಿರಿಗದ್ದೆ ದಾಟಿದ ಮೇಲೆ ಬರುವುದು ಬಟಾಬಯಲು ಹುಲ್ಲುಗಾವಲು, ತಲೆಗೆ ಮರೆಯಿಲ್ಲ. ಬೇಸಿಗೆ ಹತ್ತಿರವಾದಂತೆ ಮೇಲಿನ ತೊರೆಗಳು ಬತ್ತುತ್ತವೆ. ಬೆವರಿನೊಂದಿಗೆ ಉಪ್ಪೂ ಹೋಗುವುದರಿಂದ ಬರೀ ನೀರು ಸಾಲದು. ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಒಂದು ಬಾಟಲಿ ಬೇರೆ ಇಟ್ಟುಕೊಳ್ಳಿ.

ಚೀಲದಲ್ಲಿ ಟಾರ್ಚ್, ಗಾಯಕ್ಕೆ ಪಟ್ಟಿ, ಒಂದು ಸೀಟಿ, ಒಣ ಬನಿಯನ್, ಗಾಳಿ ತಡೆಯುವ ಜಾಕೆಟ್ ಇರಲಿ. ತುದಿಯಲ್ಲಿ ಕುಕ್ಕೆಗಿಂತ ಸುಮಾರು ಹತ್ತು ಡಿಗ್ರಿ ತಂಪು, ಬೆವರಿನ ಹತ್ತಿ ಅಂಗಿಗೆ ಗಾಳಿ ಹೊಡೆದರೆ ನಡುಕ ಹತ್ತುತ್ತದೆ.

ಮಳೆ ಮುಗಿದ ಮೊದಲ ತಿಂಗಳುಗಳಲ್ಲಿ ಉಂಬಳಗಳು, ಅಂದರೆ ರಕ್ತ ಹೀರುವ ಕಾಡಿನ ಜಿಗಣೆಗಳು, ಇರುತ್ತವೆ. ಎಲೆಯ ಅಂಚಿನಲ್ಲಿ ನೂಲಿನಷ್ಟು ಸಣ್ಣಗೆ ಎದ್ದು ನಿಂತು, ನಿಮ್ಮ ಉಸಿರು, ಬಿಸುಪು ಬಂದ ಕಡೆಗೆ ತಲೆಯಾಡಿಸುತ್ತಿರುತ್ತವೆ. ಅದರ ಎಂಜಲು ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ, ಗಾಬರಿ ಬೇಡ. ಜಗ್ಗಿ ಕೀಳದೆ ಉಗುರನ್ನು ಅದರ ಬಾಯಿಯಡಿ ಅಡ್ಡಕ್ಕೆ ಜಾರಿಸಿ ಬಿಡಿಸಿ, ಸೋಪಿನಿಂದ ತೊಳೆದು ಒತ್ತಿ ಹಿಡಿಯಿರಿ. ಕಾಡಂಚಿನ ಜನ ಕಾಲಿಗೆ ಹೊಗೆಸೊಪ್ಪು, ಸುಣ್ಣ ಹಚ್ಚಿಕೊಳ್ಳುವುದುಂಟು.

ಅನುಮತಿಯಿಲ್ಲದೆ ಹೋಗುವ ಮಾತೇ ಬೇಡ. 2024ರ ಜನವರಿ ಕೊನೆಯ ರಜೆಯಲ್ಲಿ ಈ ಬೆಟ್ಟದ ಮೇಲೆ ಸಾವಿರಾರು ಜನ ಸಾಲುಗಟ್ಟಿ ನಿಂತ ಚಿತ್ರಗಳನ್ನು ನೀವೂ ನೋಡಿರಬಹುದು. ಆ ಬಳಿಕ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳಿಗೆ ಸರ್ಕಾರ ತಡೆ ಹಾಕಿತು. ಈಗ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲೇ ಜಾಗ ಕಾದಿರಿಸಬೇಕು. ಇದು ಸರಿಯಾದ ಕ್ರಮ ಎಂದೇ ನನ್ನ ಅಭಿಪ್ರಾಯ. ಕುಮಾರಧಾರೆ ಹುಟ್ಟುವ ಬೆಟ್ಟ ಇದು. ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುವ ತನಕ ಆ ನೀರನ್ನೇ ನಂಬಿದ ಊರುಗಳಿವೆ. ನಾವು ಬಿಟ್ಟು ಬಂದ ಪ್ಲಾಸ್ಟಿಕ್ ಮೊದಲ ಮಳೆಗೇ ಅಲ್ಲಿಗೆ ಇಳಿಯುತ್ತದೆ. ರಜೆಯ ಜಂಗುಳಿ ತಪ್ಪಿಸಿ, ವಾರದ ನಡುವಿನ ದಿನ ಆರಿಸಿಕೊಳ್ಳಿ.

ಗುಂಪಿನಲ್ಲಿ ಎಲ್ಲರಿಗಿಂತ ನಿಧಾನಕ್ಕೆ ನಡೆಯುವವರನ್ನು ಮುಂದೆ ಬಿಡಿ, ದಾರಿ ಬಲ್ಲವರೊಬ್ಬರು ಕಟ್ಟಕಡೆಗೆ ಬರಲಿ. ಮೊಬೈಲ್ ಸಿಗ್ನಲ್ ನಂಬಬೇಡಿ. ಯಾವ ದಾರಿಯಲ್ಲಿ ಹೋಗುತ್ತೀರಿ, ಜೊತೆಗೆ ಯಾರಿದ್ದಾರೆ, ಎಷ್ಟು ಗಂಟೆಯೊಳಗೆ ಕರೆ ಬರದಿದ್ದರೆ ಯಾರಿಗೆ ತಿಳಿಸಬೇಕು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು, ಹೊರಡುವ ಮುನ್ನ ಮನೆಯಲ್ಲಿ ಕೊಟ್ಟು ಹೋಗಿ.

ನಮಸ್ಕಾರ.