ಕಾಸರಗೋಡಲ್ಲಿ ಸೆಕೆಂಡ್ ಹ್ಯಾಂಡ್ ಗಿಯರ್ ಸೈಕಲ್ ತೆಗೊಳ್ತೀರಾ? ಮೊದಲು ಸೀಟ್ ಪೋಸ್ಟ್ ಎಳೆದು ನೋಡಿ

[ದೃಶ್ಯ: ಸೀತಾಂಗೋಳಿ ಹತ್ರದ ಮುರಕಲ್ಲಿನ ಪದವು, ಸ್ಟ್ಯಾಂಡ್ ಹಾಕಿದ ಒಂದು ಹಳೆ ಎಂಟಿಬಿ (ಮೌಂಟೇನ್ ಬೈಕ್)]

ನಮಸ್ಕಾರ ಎಲ್ಲರಿಗೂ. ಐದಾರು ಸಾವಿರದ ಒಳಗೆ ಒಂದು ಹಳೆ ಮೌಂಟೇನ್ ಬೈಕ್, ನಮ್ಮೂರಲ್ಲಿ ಸುಮ್ಮನೆ ಗಿಯರ್ ಸೈಕಲ್ ಅಂತೇವಲ್ಲ ಅದು, ಹೇಗೆ ಹುಡುಕುದು, ನೋಡ್ಲಿಕ್ಕೆ ಹೋದಾಗ ಎಂತೆಲ್ಲ ನೋಡ್ಬೇಕು ಅಂತ ಇವತ್ತು ಹೇಳ್ತೇನೆ. ರೇಸಿಗೆ ಹೋಗುವವರಿಗೆ ಅಲ್ಲ ಈ ವಿಡಿಯೋ. ಬೆಳಿಗ್ಗೆ ಒಂದು ರೌಂಡ್ ಹೊಡೀಲಿಕ್ಕೆ, ಭಾನುವಾರ ಅನಂತಪುರ ದೇವಸ್ಥಾನದವರೆಗೆ ಹೋಗಿ ಬರ್ಲಿಕ್ಕೆ, ಗುಡ್ಡೆ ದಾರಿಯಲ್ಲಿ ತೋಟಕ್ಕೆ ಹೋಗ್ಲಿಕ್ಕೆ ಒಂದು ಸೈಕಲ್ ಬೇಕು ಅನ್ನುವವರಿಗೆ.

ಬೇರೆ ಊರಿನವರ ವಿಡಿಯೋ ನೋಡಿದ್ರೆ ಎಲ್ಲರೂ ಮೊದಲು ಕೇಳುದು ಸೈಕಲ್ ಎಷ್ಟು ಓಡಿದೆ ಅಂತ. ನಮ್ಮಲ್ಲಿ ಆ ಪ್ರಶ್ನೆಯಿಂದ ದೊಡ್ಡ ಪ್ರಯೋಜನ ಇಲ್ಲ. ಉಪ್ಪಳ, ಕುಂಬಳೆ, ಮಂಜೇಶ್ವರ ಎಲ್ಲ ಸಮುದ್ರದ ಬದಿ, ಗಾಳಿಯಲ್ಲೇ ಉಪ್ಪು, ಮೇಲಿಂದ ಜೂನಿಂದ ಸೆಪ್ಟೆಂಬರ್‌ವರೆಗೆ ಮಳೆ. ಇಲ್ಲಿ ಸೈಕಲ್ ಓಡಿ ಹಾಳಾಗುದಕ್ಕಿಂತ ನಿಂತು ಹಾಳಾಗುದೇ ಜಾಸ್ತಿ. ಹಾಗಾಗಿ "ಇದು ಓಡ್ಸಿದ್ದೇ ಇಲ್ಲ, ಹೊಸದರ ಹಾಗೆ ಉಂಟು" ಅಂತ ಯಾರಾದ್ರೂ ಹೇಳಿದ್ರೆ ಖುಷಿ ಪಡುವ ಮೊದಲು ಎಲ್ಲಿ ಇಟ್ಟಿದ್ರು ಅಂತ ಕೇಳಿ. ಜಗಲಿಯ ಒಳಗಾ, ಶೀಟಿನ ಅಡಿಗಾ, ಬಾವಿಕಟ್ಟೆ ಹತ್ರವಾ. ದಿನಾ ಓಡ್ಸಿ ಚೈನಿಗೆ ಎಣ್ಣೆ ಬಿಟ್ಟ ಎಂಟು ವರ್ಷದ ಸೈಕಲ್, ಎರಡು ಮಳೆಗಾಲ ಹೊರಗೆ ನಿಂತ ಎರಡು ವರ್ಷದ ಸೈಕಲಿಗಿಂತ ಎಷ್ಟೋ ವಾಸಿ.

ಎಲ್ಲಿ ಹುಡುಕುದು? ಒಎಲ್ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಎರಡರಲ್ಲೂ ನೋಡಿ, ಆದ್ರೆ ಲೊಕೇಶನ್ ಕಾಸರಗೋಡು ಮಾತ್ರ ಇಟ್ರೆ ಸಾಲದು, ಮಂಗಳೂರು ಕೂಡ ಹಾಕಿ ನೋಡಿ, ತಲಪಾಡಿ ದಾಟಿದ್ರೆ ಆಯ್ತಲ್ಲ, ಮಂಜೇಶ್ವರದವರಿಗೆ ಕಾಸರಗೋಡು ಪೇಟೆಗಿಂತ ಮಂಗಳೂರೇ ಹತ್ರ. ಆದ್ರೆ ನನ್ನ ಅಭಿಪ್ರಾಯದಲ್ಲಿ ಒಳ್ಳೆ ಸೈಕಲ್ ಆ್ಯಪಿಗೆ ಬರುದೇ ಇಲ್ಲ, ಮನೆಯಲ್ಲೇ ಇರ್ತದೆ. ನಮ್ಮ ಕಡೆ ಎಷ್ಟು ಮನೆಯಲ್ಲಿ ಗಲ್ಫಲ್ಲಿ ಇರುವವರು ರಜೆಗೆ ಬಂದಾಗ ಮಕ್ಕಳಿಗೆ ಗಿಯರ್ ಸೈಕಲ್ ತೆಗೆದುಕೊಟ್ಟಿದ್ದಾರೆ, ಆ ಮಕ್ಕಳು ಪ್ಲಸ್ ಟು ಮುಗ್ಸಿ ಮಂಗಳೂರು ಕಾಲೇಜಿಗೆ ಹೋದ್ರು, ಸೈಕಲ್ ಮೂಲೆಯಲ್ಲಿ ಉಂಟು, ಮಾರುವ ಅಂತ ಮನೆಯವರಿಗೆ ತೋಚುದೂ ಇಲ್ಲ. ಸುಮ್ಮನೆ ಊರಿನ ವಾಟ್ಸಾಪ್ ಗ್ರೂಪಲ್ಲಿ "ಹಳೆ ಗಿಯರ್ ಸೈಕಲ್ ಕೊಡುವವರಿದ್ದಾರಾ" ಅಂತ ಒಂದು ಮೆಸೇಜ್ ಹಾಕಿ. ಎಪ್ರಿಲ್, ಮೇ ಸರಿಯಾದ ಟೈಮ್, ಪರೀಕ್ಷೆ ಮುಗಿದಿರ್ತದೆ, ಮಳೆಗೆ ಮೊದಲು ಮನೆ ಖಾಲಿ ಮಾಡುವ ಯೋಚನೆಯೂ ಇರ್ತದೆ. ಮತ್ತೆ ನಿಮ್ಮ ಪೇಟೆಯ ಸೈಕಲ್ ರಿಪೇರಿ ಅಂಗಡಿಯಲ್ಲಿ ಒಮ್ಮೆ ಕೇಳಿ, ಯಾರ ಮನೆಯಲ್ಲಿ ಯಾವ ಸೈಕಲ್ ಉಂಟು ಅಂತ ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುದಿಲ್ಲ.

ಈಗ ಎಂತ ತೆಗೊಳ್ಳುದು ಅನ್ನುದು. ಕಡಿಮೆ ದುಡ್ಡಿಗೆ ಸಿಂಪಲ್ ಸೈಕಲ್ ತೆಗೊಳ್ಳಿ, ಇದನ್ನು ನಾನು ಎಷ್ಟು ಒತ್ತಿ ಹೇಳಿದ್ರೂ ಸಾಲದು. ಹಿಂದೆ ಮುಂದೆ ಎರಡೂ ಕಡೆ ಶಾಕ್, ದಪ್ಪ ಫ್ರೇಮ್, ಮೈತುಂಬ ಸ್ಟಿಕ್ಕರ್, ನೋಡ್ಲಿಕ್ಕೆ ಬೈಕಿನ ಹಾಗೆ ಉಂಟು ಅಂತ ಮರುಳಾಗ್ಬೇಡಿ. ಆ ರೇಟಿನ ಹಿಂದಿನ ಶಾಕ್ ಅಂದ್ರೆ ಒಂದು ಸ್ಪ್ರಿಂಗ್ ಅಷ್ಟೇ, ತೂಕ ಜಾಸ್ತಿ, ಪೆಡಲ್ ತುಳಿದ ಬಲದಲ್ಲಿ ಸ್ವಲ್ಪ ಆ ಸ್ಪ್ರಿಂಗಿಗೇ ಹೋಗ್ತದೆ, ಹಳೆದಾದ್ರೆ ಜಾಯಿಂಟಿನಲ್ಲಿ ಆಟ ಬರ್ತದೆ.

ಶಾಕ್ ಇಲ್ಲದ ಮೌಂಟೇನ್ ಬೈಕಾ ಅಂತ ಕೇಳುವವರಿದ್ದಾರೆ. ಮೌಂಟೇನ್ ಬೈಕ್ ಹುಟ್ಟಿದ್ದೇ ಸೆಕೆಂಡ್ ಹ್ಯಾಂಡ್ ಸೈಕಲಿಂದ ಮಾರಾಯ್ರೆ! 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಹುಡುಗರು 1930, 40ರ ದಶಕದ ದಪ್ಪ ಟಯರಿನ ಹಳೆ ಸೈಕಲ್ ಹುಡುಕಿ ತಂದು ಮೌಂಟ್ ತಮಾಲ್ಪೈಸ್ ಅನ್ನುವ ಬೆಟ್ಟದ ಮಣ್ಣುದಾರಿಯಲ್ಲಿ ಇಳಿಸ್ತಿದ್ರು. ಇಳಿಯುವಾಗ ಹಿಂದಿನ ಚಕ್ರದ ನಡುಭಾಗದ ಒಳಗಿನ ಬ್ರೇಕ್ ಎಷ್ಟು ಬಿಸಿ ಆಗ್ತಿತ್ತು ಅಂದ್ರೆ ಗ್ರೀಸ್ ಸುಟ್ಟುಹೋಗಿ ಪ್ರತಿ ಸಲ ಬಿಚ್ಚಿ ಹೊಸ ಗ್ರೀಸ್ ತುಂಬಿಸ್ಬೇಕಿತ್ತು, ಹಾಗಾಗಿ ಅಲ್ಲೇ ಹತ್ರದ ಒಂದು ಇಳಿಜಾರು ದಾರಿಗೆ ರೀಪ್ಯಾಕ್, ಅಂದ್ರೆ ಮತ್ತೆ ತುಂಬುದು, ಅಂತ ಹೆಸರು ಬಿತ್ತು. ಜೋ ಬ್ರೀಜ್ ಅನ್ನುವವರು ಇದಕ್ಕೇ ಅಂತ ಹೊಸ ಫ್ರೇಮ್ ಮಾಡಿದ್ದು 1977ರಲ್ಲಿ, ಸ್ಪೆಷಲೈಜ್ಡ್ ಕಂಪನಿಯ ಸ್ಟಂಪ್‌ಜಂಪರ್ ಬಂದದ್ದು 1981ರಲ್ಲಿ. ಅದರಲ್ಲೆಲ್ಲ ಶಾಕ್ ಇರಲಿಲ್ಲ. ಗುಂಡಿಯ ಪೆಟ್ಟು ತಿನ್ನುದು ಮೊದಲು ದಪ್ಪ ಟಯರ್, ಶಾಕ್ ಎಲ್ಲ ಆಮೇಲೆ. ಮುಂದೆ ಮಾತ್ರ ಶಾಕ್ ಇರುವ ಹಾರ್ಡ್‌ಟೇಲ್, ಅಥವಾ ಶಾಕೇ ಇಲ್ಲದ್ದು, ಎರಡೂ ನಮಗೆ ಆಗ್ತದೆ.

[ದೃಶ್ಯ: ಸೀಟ್ ಕ್ಲಾಂಪ್ ಹತ್ತಿರದಿಂದ]

ಸರಿ, ನೋಡ್ಲಿಕ್ಕೆ ಹೋದ್ರಿ. ಮೊದಲ ಕೆಲಸ, "ಅಣ್ಣಾ, ಸೀಟ್ ಸ್ವಲ್ಪ ಮೇಲೆ ಮಾಡಿ ನೋಡಬಹುದಾ" ಅಂತ ಕೇಳಿ ಸೀಟ್ ಪೋಸ್ಟ್, ಅಂದ್ರೆ ಸೀಟಿನ ಅಡಿಯ ಉದ್ದ ಕಂಬಿ, ಲೂಸ್ ಮಾಡಿ ಪೂರ್ತಿ ಹೊರಗೆ ಎಳೀರಿ. ಸುಮಾರು ಸೈಕಲಲ್ಲಿ ಪೋಸ್ಟ್ ಅಲ್ಯುಮಿನಿಯಂ, ಫ್ರೇಮ್ ಸ್ಟೀಲ್, ಎರಡು ಬೇರೆ ಬೇರೆ ಲೋಹದ ಮಧ್ಯೆ ಉಪ್ಪು ನೀರು ಸೇರಿದ್ರೆ ಅಲ್ಯುಮಿನಿಯಂ ತಿಂದುಹೋಗಿ ಬಿಳಿ ಪುಡಿ ಆಗ್ತದೆ, ಆ ಪುಡಿ ಉಬ್ಬಿ ಪೋಸ್ಟನ್ನು ಪೈಪಿನ ಒಳಗೆ ಕಚ್ಚಿ ಹಿಡೀತದೆ. ಎರಡೂ ಅಲ್ಯುಮಿನಿಯಂ ಇದ್ರೂ ವರ್ಷಗಟ್ಟಲೆ ಗ್ರೀಸ್ ಇಲ್ದೆ ಬಿಟ್ರೆ ಹಿಡೀತದೆ. ಒಮ್ಮೆ ಹಿಡಿದ್ರೆ ಸೀಟ್ ನಿಮ್ಮ ಹೈಟಿಗೆ ಬರುದಿಲ್ಲ, ಸೀಟ್ ಹೈಟ್ ಸರಿ ಇಲ್ಲದಿದ್ರೆ ಮೊಣಕಾಲು ನೋವು ಶುರು. ತುಕ್ಕು ಬಿಡಿಸುವ ಪೆನೆಟ್ರೇಟಿಂಗ್ ಆಯಿಲ್ ಹಾಕಿ ಒಂದು ರಾತ್ರಿ ಬಿಟ್ರೆ ಕೆಲವು ಸಲ ಬರ್ತದೆ, ಆದ್ರೆ ಅದನ್ನು ಮಾಡಿಸ್ಬೇಕಾದದ್ದು ಮಾರುವವರು, ದುಡ್ಡು ಕೊಟ್ಟ ಮೇಲೆ ನೀವಲ್ಲ.

ಪೋಸ್ಟ್ ಹೊರಗೆ ಬಂತಾ, ಮೊಬೈಲ್ ಟಾರ್ಚ್ ಹಾಕಿ ಪೈಪಿನ ಒಳಗೆ ನೋಡಿ. ಆಮೇಲೆ ಸೈಕಲ್ ತಲೆಕೆಳಗೆ ಮಾಡಿ ಅಲ್ಲಾಡ್ಸಿ. ನೀರು ಬಂದ್ರೆ, ಕೆಂಪು ಚಕ್ಕೆ ಉದುರಿದ್ರೆ ಆ ಸ್ಟೀಲ್ ಫ್ರೇಮ್ ಒಳಗಿಂದ ಹೋಗ್ತಾ ಉಂಟು ಅಂತ ಅರ್ಥ, ಹೊರಗೆ ಪೇಂಟ್ ಎಷ್ಟೇ ಹೊಳೆದ್ರೂ ಬೇಡ. ಸೀಟಿನ ಬದಿಯಿಂದ ಇಳಿದ ನೀರು ಪೆಡಲಿನ ಆ್ಯಕ್ಸಲ್ ಇರ್ತದಲ್ಲ ಅಲ್ಲಿ, ಕೆಳಗಿನ ಆ ದಪ್ಪ ಪೈಪಲ್ಲಿ ನಿಲ್ತದೆ, ತುಕ್ಕು ಶುರುವಾಗುದು ಅಲ್ಲಿಂದಲೇ. ಸ್ಟೀಲಾ ಅಲ್ಯುಮಿನಿಯಮಾ ಗೊತ್ತಾಗದಿದ್ರೆ ಕಿಸೆಯಲ್ಲಿ ಫ್ರಿಜ್ಜಿನ ಸಣ್ಣ ಮ್ಯಾಗ್ನೆಟ್ ಇಟ್ಟುಕೊಳ್ಳಿ, ಅಂಟಿದ್ರೆ ಸ್ಟೀಲ್.

ಎಲ್ಲ ತುಕ್ಕಿಗೂ ಹೆದರ್ಬೇಕಾಗಿಲ್ಲ, ಇದು ಮುಖ್ಯ ವಿಷಯ. ಚೈನ್ ಕೆಂಪಾಗಿದ್ರೆ, ಕೇಬಲ್ ಹಿಡಿದಿದ್ರೆ, ನಟ್ಟು ಬೋಲ್ಟಿಗೆ ತುಕ್ಕು ಬಂದಿದ್ರೆ, ಗ್ರಿಪ್ ಅಂಟಂಟಾಗಿದ್ರೆ, ಸೀಟ್ ಹರಿದಿದ್ರೆ ಒಳಗೊಳಗೆ ಸಂತೋಷ ಪಡಿ. ನೋಡ್ಲಿಕ್ಕೆ ಸೈಕಲ್ ಸತ್ತ ಹಾಗೆ ಕಾಣ್ತದೆ, ರೇಟ್ ಕಮ್ಮಿ ಆಗ್ತದೆ, ಆದ್ರೆ ಇದೆಲ್ಲ ಕೆಲವು ನೂರರಲ್ಲಿ ಹೊಸದು ಬರುವ ಸಾಮಾನು. ಬೇಡವೇ ಬೇಡ ಅನ್ನಬೇಕಾದ್ದು ಬೇರೆ: ಹ್ಯಾಂಡಲಿನ ಕೆಳಗೆ ಪೈಪುಗಳು ಸೇರುವ ವೆಲ್ಡಿಂಗ್ ಹತ್ರ ಗೆರೆಯಷ್ಟು ಸಣ್ಣ ಕ್ರ್ಯಾಕ್, ಅಲ್ಲೇ ಅಡಿಯಲ್ಲಿ ಪೇಂಟ್ ಸುಕ್ಕು ಬಿದ್ದದ್ದು (ಎದುರಿಂದ ಗುದ್ದಿದ ಸೈಕಲಲ್ಲಿ ಹಾಗೆ ಬರ್ತದೆ), ಪೇಂಟಿನ ಅಡಿಯಲ್ಲಿ ಗುಳ್ಳೆ ಗುಳ್ಳೆ, ಮತ್ತೆ ಮುಂದಿನ ಶಾಕಿನ ಹೊಳೆಯುವ ಪೈಪಿನಲ್ಲಿ ಉಗುರಿಗೆ ಸಿಗುವ ತುಕ್ಕಿನ ಗುಳಿ. ಶಾಕ್ ಒತ್ತಿ ನೋಡಿ, ಕೆಳಗೆ ಹೋಗಿ ಮೆಲ್ಲ ವಾಪಸ್ ಬರ್ಬೇಕು, ಕಲ್ಲಿನ ಹಾಗೆ ನಿಂತಿದ್ರೆ ಅದು ಜಾಮ್. ಜಾಮ್ ಆದ ಶಾಕ್ ಬರೀ ಭಾರ, ಆದ್ರೆ ಉಳಿದದ್ದೆಲ್ಲ ಗಟ್ಟಿ ಇದ್ರೆ ಅದೇ ಕಾರಣ ಹೇಳಿ ರೇಟ್ ಇಳಿಸಿ ತೆಗೊಳ್ಳಬಹುದು.

ಆಟ ಪರೀಕ್ಷೆ ಎರಡು ನಿಮಿಷದ ಕೆಲಸ. ಮುಂದಿನ ಬ್ರೇಕ್ ಗಟ್ಟಿ ಹಿಡಿದು ಸೈಕಲನ್ನು ಹಿಂದೆ ಮುಂದೆ ದೂಡಿ, ಹ್ಯಾಂಡಲಿನ ಬುಡದಲ್ಲಿ ಟಕ್ ಟಕ್ ಅಂದ್ರೆ ಹ್ಯಾಂಡಲ್ ತಿರುಗುವಲ್ಲಿನ ಬೇರಿಂಗ್, ಅಂದ್ರೆ ಹೆಡ್‌ಸೆಟ್ ಲೂಸ್. ಪೆಡಲ್ ಅಲ್ಲ, ಪೆಡಲ್ ಕೂತಿರುವ ಕ್ರ್ಯಾಂಕ್ ಹಿಡಿದು ಎಡ ಬಲ ಅಲ್ಲಾಡ್ಸಿ, ಆಡಿದ್ರೆ ಒಳಗಿನ ಬೇರಿಂಗ್ ಹೋಗಿರ್ತದೆ. ಚಕ್ರ ಎತ್ತಿ ತಿರುಗ್ಸಿ ಬ್ರೇಕ್ ಕಟ್ಟೆಯ (ರಿಮ್ಮನ್ನು ಒತ್ತುವ ರಬ್ಬರಿನ) ಹತ್ರ ಕಣ್ಣಿಡಿ, ಸ್ವಲ್ಪ ಓಲಾಡಿದ್ರೆ ಸ್ಪೋಕ್ ಟೈಟ್ ಮಾಡಿ ಸರಿ ಮಾಡ್ತಾರೆ, ರಿಮ್ಮೇ ಬೆಂಡಾಗಿ ಕುಣಿದ್ರೆ ಬಿಡಿ.

ಬ್ರೇಕಿನ ವಿಷಯಕ್ಕೆ ಬಂದ್ರೆ ಡಿಸ್ಕೇ ಬೇಕು ಅನ್ನುವ ಹಠ ಬೇಡ. ರಿಮ್ಮನ್ನು ಎರಡು ಬದಿಯಿಂದ ಒತ್ತಿ ಹಿಡಿಯುವ ವಿ-ಬ್ರೇಕಿಗೆ ಒಳ್ಳೆ ರಬ್ಬರ್ ಹಾಕಿದ್ರೆ ಚೆನ್ನಾಗಿ ಹಿಡೀತದೆ, ಯಾವ ಅಂಗಡಿಯಲ್ಲೂ ಸರಿ ಮಾಡ್ತಾರೆ. ಕೆಸರು ನೀರಲ್ಲಿ ಡಿಸ್ಕ್ ಒಳ್ಳೆದು ಹೌದು, ಅದರಲ್ಲಿ ಕೇಬಲಿನ ಡಿಸ್ಕ್ ತೆಗೊಳ್ಳಿ. ಆಯಿಲ್ ಇರುವ ಹೈಡ್ರಾಲಿಕ್ ಹಳೆದಾಗಿ ಲೀಕ್ ಬಂದ್ರೆ ಅದರ ಕಿಟ್, ಸರಿಯಾದ ಆಯಿಲ್, ಗೊತ್ತಿರುವ ಕೈ ಮೂರೂ ಬೇಕು, ನಮ್ಮ ಸಣ್ಣ ಪೇಟೆಯಲ್ಲಿ ಅಷ್ಟು ಸುಲಭ ಅಲ್ಲ.

[ದೃಶ್ಯ: ಪಂಚಾಯತ್ ರಸ್ತೆಯ ಕಾಂಕ್ರೀಟ್ ಏರು]

ಈಗ ಗಿಯರ್. ಎಷ್ಟು ಗಿಯರ್ ಅಂತ ಕೇಳುದು ಬಿಟ್ಟು ಎಷ್ಟು ಹಲ್ಲು ಅಂತ ಎಣಿಸಿ. ನಮ್ಮ ಒಳದಾರಿಗಳು ಗೊತ್ತಲ್ಲ, ಬದಿಯಡ್ಕ, ಪೈವಳಿಕೆ ಕಡೆ ಕಾಂಕ್ರೀಟ್ ಏರು ಬಂತು ಅಂದ್ರೆ ಒಂದೇ ಸಮ ಮೇಲೆ, ಪೊಸಡಿಗುಂಪೆ ಬೆಟ್ಟದ ದಾರಿ ಹೇಳುದೇ ಬೇಡ. ಹಲ್ಲಿರುವ ಪ್ಲೇಟ್ ಮುಂದೆ 3, ಹಿಂದೆ 7 ಇದ್ರೆ 21 ಗಿಯರ್ ಅಂತಾರೆ, ಆದ್ರೆ ಏರಿನಲ್ಲಿ ಕೆಲಸಕ್ಕೆ ಬರುದು ಒಂದೇ, ಮುಂದಿನ ಅತಿ ಸಣ್ಣದು ಮತ್ತು ಹಿಂದಿನ ಅತಿ ದೊಡ್ಡದು. ಸಾಮಾನ್ಯ ಸೈಕಲಲ್ಲಿ ಮುಂದೆ 24 ಅಥವಾ 28 ಹಲ್ಲು, ಹಿಂದೆ 28 ಇರ್ತದೆ. ಮುಂದೆ 28, ಹಿಂದೆ 28 ಅಂದ್ರೆ ಪೆಡಲ್ ಒಂದು ಸುತ್ತಿಗೆ ಚಕ್ರವೂ ಒಂದು ಸುತ್ತು, ನಮ್ಮ ಏರಿಗೆ ಅದು ಕಷ್ಟ. ಹಿಂದೆ 34 ಹಲ್ಲಿನ ದೊಡ್ಡ ಪ್ಲೇಟ್ ಇರುವ ಫ್ರೀವೀಲ್ (ಹಿಂದಿನ ಪ್ಲೇಟುಗಳ ಸೆಟ್) ಸಿಗ್ತದೆ, ಮುಂದೆ 24 ಇದ್ರೆ ಚಕ್ರ ಮುಕ್ಕಾಲು ಸುತ್ತಿಗೂ ಸ್ವಲ್ಪ ಕಮ್ಮಿ, ಉಸಿರು ಹಿಡಿಯದೆ ಕೂತಲ್ಲೇ ಹತ್ತಬಹುದು. ಹಾಕ್ಸುವ ಮೊದಲು ನಿಮ್ಮ ಹಿಂದಿನ ಡಿರೇಲರ್ (ಚೈನನ್ನು ಒಂದು ಪ್ಲೇಟಿಂದ ಇನ್ನೊಂದಕ್ಕೆ ದಾಟಿಸುವ ಸಾಮಾನು) ಅಷ್ಟು ದೊಡ್ಡದಕ್ಕೆ ಎಟಕ್ತದಾ ಅಂತ ಅಂಗಡಿಯಲ್ಲಿ ಕೇಳಿ. ಎಂಟಿಬಿ ಅಂತ ಬೋರ್ಡ್ ಹಾಕಿ ಗಿಯರೇ ಇಲ್ಲದ್ದೂ ಬರ್ತದೆ, ಕಡಪ್ಪುರದ, ಅಂದ್ರೆ ಸಮುದ್ರದ ಬದಿಯ, ಸಪಾಟು ರಸ್ತೆಗೆ ಸಾಕು, ಗುಡ್ಡೆ ಬದಿಯವರಿಗೆ ಬೇಡ.

ಹಿಂದಿನ ಡಿರೇಲರನ್ನು ಸೈಕಲಿನ ಹಿಂದೆ ಕೂತು ನೋಡಿ. ಅದರ ಎರಡು ಸಣ್ಣ ಚಕ್ರ ಮತ್ತು ಮೇಲಿನ ಫ್ರೀವೀಲ್ ಹಲ್ಲು ಒಂದೇ ಗೆರೆಯಲ್ಲಿ ನೇರ ಇರ್ಬೇಕು, ಒಳಗೆ ವಾಲಿದ್ರೆ ಬಿದ್ದ ಸೈಕಲ್, ಅದನ್ನು ನೇರ ಮಾಡಿಸದೆ ಓಡ್ಸಿದ್ರೆ ಏರಿನಲ್ಲಿ ಸ್ಪೋಕಿನ ಒಳಗೆ ಹೋಗುವ ಅಪಾಯ ಉಂಟು. ಚೈನಿಗೆ ಶಾಲೆ ಮಕ್ಕಳ ಸ್ಕೇಲ್ ಸಾಕು: ಒಂದು ಪಿನ್ನಿನ ಮಧ್ಯದಲ್ಲಿ ಸೊನ್ನೆ ಇಟ್ರೆ 12 ಇಂಚಿಗೆ ಸರಿಯಾಗಿ ಇನ್ನೊಂದು ಪಿನ್ನಿನ ಮಧ್ಯ ಬರ್ಬೇಕು. ಒಂದೂವರೆ ಮಿಲ್ಲಿಮೀಟರ್ ಆಚೆ ಹೋಗಿದ್ರೆ ಚೈನ್ ಬದಲಿಸ್ಬೇಕು, ಮೂರು ಮಿಲ್ಲಿಮೀಟರ್ ಹೋಗಿದ್ರೆ ಫ್ರೀವೀಲ್ ಕೂಡ. ಅಷ್ಟನ್ನು ರೇಟಿಂದ ಕಳೀರಿ.

ಸೈಜ್: ಸೈಕಲಿನ ಮಧ್ಯೆ ಎರಡೂ ಕಾಲು ನೆಲಕ್ಕೆ ಊರಿ ನಿಂತಾಗ ಮೇಲಿನ ಪೈಪಿಗೂ ನಿಮಗೂ ಒಂದೆರಡು ಇಂಚು ಜಾಗ ಇರ್ಬೇಕು. 24 ಇಂಚು ಚಕ್ರದ್ದು ಮಕ್ಕಳ ಸೈಕಲ್, ರೇಟ್ ಕಮ್ಮಿ ಅಂತ ದೊಡ್ಡವರು ತೆಗೊಳ್ಬೇಡಿ. ಚಕ್ರ 26, 27.5, 29 ಯಾವುದಾದ್ರೂ ಆಗ್ತದೆ, ಹಳೆದರಲ್ಲಿ 26 ಜಾಸ್ತಿ ಸಿಗ್ತದೆ, ಟಯರೂ ಸುಲಭ. ಒಂದು ಮಾತ್ರ ನೆನಪಿಡಿ, ಟಯರ್ ತರುವಾಗ 26 ಅಂತ ಮಾತ್ರ ಹೇಳ್ಬೇಡಿ, ಟಯರಿನ ಬದಿಯಲ್ಲಿ 559 ಅನ್ನುವ ನಂಬರ್ ನೋಡಿ. ಹಳೆ ಸಾದಾ ಸೈಕಲಿಗೂ 26 ಅನ್ನುವ ಟಯರ್ ಬರ್ತದೆ, ಅದು 590, ಎಂಟಿಬಿ ರಿಮ್ಮಿಗೆ ಕೂರುದಿಲ್ಲ.

ಇನ್ನು ದುಡ್ಡು. ಕೈಯಲ್ಲಿ 6000 ಇದ್ರೆ ಸೈಕಲಿಗೆ 4000 ಮಾತ್ರ ಅಂತ ಇಟ್ಟುಕೊಳ್ಳಿ, ಉಳಿದದ್ದು ಚೈನ್, ಕೇಬಲ್, ಬ್ರೇಕ್ ಕಟ್ಟೆ, ಟ್ಯೂಬ್, ಒಂದು ಸರ್ವಿಸ್, ಮತ್ತೆ ಹೆಲ್ಮೆಟಿಗೆ. ಹೀರೋ, ಹರ್ಕ್ಯುಲಿಸ್, ಮೊಂಟ್ರಾ, ಫೈರ್‌ಫಾಕ್ಸ್, ಡೆಕಥ್ಲಾನಿನ ರಾಕ್‌ರೈಡರ್, ಬ್ರ್ಯಾಂಡ್ ಯಾವುದೇ ಇರ್ಲಿ, ಫ್ರೇಮ್ ಗಟ್ಟಿ ಇರುದು ಹೆಸರಿಗಿಂತ ದೊಡ್ಡದು. ಬಿಲ್ ಇದ್ರೆ ಕೇಳಿ, ಇಲ್ಲದಿದ್ರೆ ಪೆಡಲಿನ ಅಡಿಯ ಪೈಪಿನಲ್ಲಿ ಕೊರೆದಿರುವ ಸೀರಿಯಲ್ ನಂಬರ್ ಫೋಟೋ ತೆಗೀರಿ, ಒಂದು ಕಾಗದದಲ್ಲಿ ತಾರೀಕು, ಮೊತ್ತ, ಆ ನಂಬರ್ ಬರೆದು ಇಬ್ಬರೂ ಸೈನ್ ಹಾಕಿ. ನಂಬರ್ ಉಜ್ಜಿ ತೆಗೆದಿದ್ರೆ ಅಲ್ಲಿಂದಲೇ ವಾಪಸ್ ಬನ್ನಿ, ಅದು ಯಾವುದೋ ಮಗುವಿನ ಕದ್ದ ಸೈಕಲ್ ಆಗಿರಬಹುದು. ನೋಡದೆ ಅಡ್ವಾನ್ಸ್ ಕೇಳಿದ್ರೆ ಕೊಡ್ಬೇಡಿ. ನಿಮಗೆ ದುಡ್ಡು ಬರ್ಲಿಕ್ಕೆ ಯುಪಿಐ ಪಿನ್ ಹಾಕುವ ಅಗತ್ಯವೇ ಇಲ್ಲ, "ರಿಫಂಡ್ ಕಳಿಸ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಅಂದ್ರೆ ಮೋಸ, ದುಡ್ಡು ಹೋದ್ರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಮನೆಗೆ ತಂದ ದಿನವೇ ಸೀಟ್ ಪೋಸ್ಟ್ ಒರೆಸಿ ಗ್ರೀಸ್ ಹಚ್ಚಿ ಹಾಕಿ, ಪೋಸ್ಟಿನಲ್ಲಿ ಇರುವ ಮಿನಿಮಮ್ ಗೆರೆ ಪೈಪಿನ ಒಳಗೇ ಇರ್ಬೇಕು. ಟ್ಯೂಬಿಗೆ ಬೈಕಿನ ಟಯರಿನ ಹಾಗಿನ ವಾಲ್ವ್ ಇದ್ರೆ ಪೆಟ್ರೋಲ್ ಪಂಪಲ್ಲೇ ಗಾಳಿ ಹಾಕಬಹುದು, ಆದ್ರೆ ಟಯರಿನ ಬದಿಯಲ್ಲಿ ಬರೆದದ್ದಕ್ಕಿಂತ ಜಾಸ್ತಿ ಆಗ್ಬಾರ್ದು, ಸ್ವಲ್ಪ ಸ್ವಲ್ಪವೇ ಬಿಡ್ಲಿಕ್ಕೆ ಹೇಳಿ. ಮಣ್ಣು, ಮುರಕಲ್ಲು ದಾರಿಗೆ 30ರಿಂದ 40 ಪಿಎಸ್ಐ ನಡುವೆ ಇಟ್ರೆ ಕೈಗೂ ಆರಾಮ, ಹಿಡಿತವೂ ಒಳ್ಳೆದು. ಕಡಪ್ಪುರಕ್ಕೆ ಹೋಗಿ ಬಂದ್ರೆ ಸಾದಾ ನೀರಲ್ಲಿ ತೊಳೆದು, ಒಣಗಿದ ಮೇಲೆ ಚೈನಿಗೆ ಎಣ್ಣೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಪೋಸ್ಟ್ ಎಳೆದು ಸೈಕಲ್ ತಲೆಕೆಳಗೆ ಮಾಡಿ ನೀರು ಬಿಡಿ, ಪ್ಲಾಸ್ಟಿಕ್ ಶೀಟ್ ಸುತ್ತಿ ಮಾತ್ರ ಇಡ್ಬೇಡಿ, ಒಳಗೆ ತೇವ ಕೂತು ತುಕ್ಕು ಇನ್ನೂ ಬೇಗ ಹಿಡೀತದೆ.

ಯಾವುದಾದ್ರೂ ಸೈಕಲ್ ನೋಡಿ ಇಟ್ಟು ಡೌಟಲ್ಲಿ ಇದ್ರೆ ಹ್ಯಾಂಡಲ್ ಬುಡದ ವೆಲ್ಡಿಂಗ್, ಹೊರಗೆ ಎಳೆದ ಸೀಟ್ ಪೋಸ್ಟ್, ಹಿಂದಿನ ಡಿರೇಲರ್, ಈ ಮೂರು ಫೋಟೋ ಹಗಲು ಬೆಳಕಲ್ಲಿ ತೆಗೆದು ಕಳಿಸಿ, ಮಾರುವವರು ಹೇಳಿದ ರೇಟನ್ನೂ ಬರೀರಿ, ನಾನು ನೋಡಿ ಹೇಳ್ತೇನೆ.